ಮೂರು ನಾಮದ ದೋಣಿ

"ಒಂದು ಕೂಸಿಗೆ ಎಷ್ಟು ಹೆಸರು ಇಡ್ತಾರೆ?"

ಅಕ್ಕ ಕೇಳಿದ್ದು ಯಾರನ್ನೂ ಅಲ್ಲ. ದೋಣಿ ಕಟ್ಟುವ ಷೆಡ್ಡಿನಲ್ಲಿ, ದಿಮ್ಮಿಗಳ ಮೇಲೆ ಕೂತಿದ್ದ ಅರೆಬರೆ ದೋಣಿಯ ಮೂತಿಗೆ ಮುಖ ಕೊಟ್ಟು ಕೇಳಿದಳು. ಕೈಯಲ್ಲಿದ್ದ ಬೀಗದ ಕೈಯಿಂದ ಕೆರೆದ ಕಡೆಯಲ್ಲೆಲ್ಲ ನೀಲಿ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಮೇಲೆ ಅವಳು ಇಟ್ಟ ಹೆಸರು, 'ದಡ ಸೇರಿಸು'. ಅದರಡಿ 'ಹೊಂಬೆಳಕು'. ಅದರಡಿ, ಹಳದಿಯಲ್ಲಿ, 'ಅಣ್ಣತಮ್ಮ'.

ಮೂರೂ ಒಂದೇ ಕೈಯ ಬರಹ. ಆ ಕೈಯವನು ಹಿಂದೆಯೇ ನಿಂತಿದ್ದ. ಅವಳ ತಮ್ಮ, ಹತ್ತೊಂಬತ್ತು ವರ್ಷದಿಂದ ಈ ಕಾರ್ಖಾನೆಯ ದೋಣಿಗಳಿಗೆ ಹೆಸರು ಬರೆಯುವವನು.

"ಕೊಂಡವರು ಹೆಸರು ಬದಲಾಯಿಸಿದ್ದಾರೆ ಅಂದ್ರು ಯಜಮಾನ್ರು," ಎಂದ. "ಬದಲಾಯಿಸ್ತಾರಕ್ಕ ಜನ. ಹೆಂಡತಿ ಮುನಿಸಿಕೊಂಡ್ರೆ ಸಾಕು, ದೋಣಿ ಹೆಸರು ಹೋಯ್ತು. ನಿನ್ನದು ಬರೆಸುವಾಗ, ಹಳಬರು ದೋಣಿ ಬಿಟ್ಟುಕೊಟ್ರು ಅಂದ್ರು. ನಾನು ಒಂದು ಕೋಟು ಬಳಿದು ಮೇಲೆ ಬರೆದೆ. ಅವರು ಫೋಟೊ ತೆಗೆದ್ರು."

"ಆ ಫೋಟೊ ನೋಡಿಯೇ ನಾನು ಎರಡನೇ ಕಂತು ಕೊಟ್ಟದ್ದು."

ತಮ್ಮ ತನ್ನ ಬೆರಳುಗಳನ್ನೇ ನೋಡಿಕೊಂಡ.

"ನೀನು ಬರೆದದ್ದು ಹೆಸರಲ್ಲ ಕಣೋ, ನಾಮ. ಮೂರು ಮನೆಗೆ ಮೂರು ನಾಮ. ಅದೂ ಎಷ್ಟು ಚೆಂದ! 'ಸು'ವಿನ ಕೊಂಬಿಗೆ ಅಲೆ ಬೇರೆ ಬಿಡಿಸಿದ್ದೀಯ."

ಅವಳು ನಂಬಿದ್ದು ಯಜಮಾನನನ್ನಲ್ಲ, 'ನಮ್ಮ ಕಾರ್ಖಾನೆ ಮೋಸ ಮಾಡಲ್ಲ' ಎಂದಿದ್ದ ತಮ್ಮನ ಮಾತನ್ನು. ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವುದು ಅವಳ ಕಸುಬು. ಹಳೆಯ ದೋಣಿಯೋ ಜನರನ್ನು ಹೊರುವುದಕ್ಕಿಂತ ನೀರು ಕುಡಿಯುವುದೇ ಹೆಚ್ಚು. ಪ್ರತಿ ಸಲವೂ ಒಬ್ಬ ಪ್ರಯಾಣಿಕ ತಂಬಿಗೆ ಹಿಡಿದು ನೀರು ಮೊಗೆಯುತ್ತಲೇ ಇರಬೇಕು. ಬರುವ ತಿಂಗಳು ತಪಾಸಣೆ. ಹೊಸ ದೋಣಿ ಇಲ್ಲದಿದ್ದರೆ ಪರವಾನಗಿಯೂ ಇಲ್ಲ. "ಮುಂಗಡವನ್ನ ಬೇರೆ ಖಾತೆಯಲ್ಲಿ ಇಟ್ಟಿರ್ತೀವಿ ಅಕ್ಕ, ದೋಣಿ ನೀರಿಗಿಳಿಯೋ ತನಕ ಮೂಸಿಯೂ ನೋಡಲ್ಲ," ಎಂದು ಯಜಮಾನ ಎದೆಯ ಮೇಲೆ ಕೈಯಿಟ್ಟು ಹೇಳಿದ್ದ.

ನಿನ್ನೆ ಕಾರ್ಖಾನೆ ದಿವಾಳಿಯೆಂದು ಬಾಗಿಲಿಗೆ ಕಾಗದ ಅಂಟಿತು. ಲೆಕ್ಕ ನೋಡಲು ಬಂದ ಅಧಿಕಾರಿಗೆ ಬೇರೆ ಖಾತೆ ಎಂಬುದು ಎಲ್ಲಿಯೂ ಸಿಗಲಿಲ್ಲ. ಮೊದಲು ಬ್ಯಾಂಕು, ಆಮೇಲೆ ತೆರಿಗೆ, ಆಮೇಲೆ ಕೂಲಿ, ಎಲ್ಲರ ಬಾಲಕ್ಕೆ ಮುಂಗಡ ಕೊಟ್ಟವರು ಎಂದು ಬಾಯಿಪಾಠ ಒಪ್ಪಿಸಿದವನು ಹೋಗುವಾಗ ಒಂದು ಮಾತು ಉದುರಿಸಿದ್ದ: "ಕರಾರಿನ ಪ್ರಕಾರ ಕೊಂಡವರು ಇಟ್ಟ ಹೆಸರಿರುವ ದೋಣಿ ಕೊಂಡವರದ್ದು. ಹೆಸರಿಲ್ಲದ್ದು ಹರಾಜಿಗೆ. ನಾಳೆ ಹನ್ನೊಂದಕ್ಕೆ ಬಂದು ಎಣಿಸ್ತೀನಿ."

ಅದಕ್ಕೇ ಅಕ್ಕ ಬೆಳಿಗ್ಗೆಯೇ ಬಂದದ್ದು, ತಾನಿಟ್ಟ ಹೆಸರಿನ ಧೂಳು ಒರೆಸಿ ಹೊಳೆಯಿಸಲು. ಒರೆಸುವಾಗ ಒಂದು ಚಕ್ಕೆ ಎದ್ದು ಹಳದಿ ಇಣುಕಿತ್ತು.

"ಮೂರು ಹೆಸರಿದ್ದರೆ ಯಾರದ್ದು?"

"ಮೂವರದ್ದೂ ಆಗುತ್ತೆ ಅನ್ಸುತ್ತೆ. ಹರಾಜಿಗಂತೂ ಹೋಗಲ್ಲ."

"ಮೂರರಲ್ಲೊಂದು ಪಾಲು ದೋಣಿ! ಅದರಲ್ಲಿ ಯಾರನ್ನ ದಾಟಿಸಲಿ, ಇರುವೆಗಳನ್ನಾ?"

ಆದರೆ ಬೆರಳು ಹಳದಿಯ ಮೇಲೇ ನಿಂತಿತ್ತು. ಆ ಅಣ್ಣತಮ್ಮಂದಿರು ಅವಳ ದಡದ ಮೀನುಗಾರರೇ. ಇದ್ದ ದೋಣಿ ಮುಳುಗಿದ ಮೇಲೆ ಒಂದು ವರ್ಷದಿಂದ ಕಂಡವರ ಬಲೆ ಎಳೆಯುತ್ತ ಹೊಸದಕ್ಕೆ ಕಾಯುತ್ತಿದ್ದರು. "ಏನ್ರಪ್ಪಾ, ನಿಮ್ಮ ದೋಣಿಗೆ ಇನ್ನೂ ಹೆರಿಗೆ ಆಗಲಿಲ್ವಾ?" ಎಂದು ದಿನಾ ಕಿಚಾಯಿಸುತ್ತಿದ್ದವಳು ಇವಳೇ. ಅವರೂ ನಗುತ್ತಿದ್ದರು.

ಯಜಮಾನ ಹಿಂದಿನ ಬಾಗಿಲಿನಿಂದ ಬಂದ. ಒಂದು ಕೈಯಲ್ಲಿ ಮರ ಉಜ್ಜುವ ಯಂತ್ರ, ಇನ್ನೊಂದರಲ್ಲಿ ಚೀಲ. ಅಕ್ಕನನ್ನು ಕಂಡು ಒಂದು ಗಳಿಗೆ ತಡೆದ, ಆಮೇಲೆ ನಕ್ಕ.

"ಒಳ್ಳೇದೇ ಆಯ್ತು, ನೀವೂ ಇದ್ದೀರಿ. ಲೋ, ಇದನ್ನೆಲ್ಲ ಬರೀ ಮರ ಕಾಣೋ ಹಾಗೆ ಉಜ್ಜಿಬಿಡು. ಹರಾಜಿನಲ್ಲಿ ನನ್ನ ಭಾವಮೈದ ಹಿಡೀತಾನೆ."

"ನನ್ನ ಮುಂಗಡ?"

"ಇಲ್ಲೇ ಇದೆ," ಎಂದು ಚೀಲ ತಟ್ಟಿದ. "ಪೂರ್ತಿ. ಈಗಲೇ ತಗೊಂಡು ಹೋಗಿ, ಬೇರೆ ಕಡೆ ದೋಣಿ ನೋಡಿಕೊಳ್ಳಿ."

"ದಿವಾಳಿ ಎದ್ದವರ ಚೀಲದಲ್ಲಿ ದುಡ್ಡು!" ಅಕ್ಕನ ದನಿಗೆ ತಗಡಿನ ಮಾಡು ಝಣ್ಣೆಂದಿತು. "ನಿಮ್ಮ ಕೂಲಿಯವರು ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದಾರೆ, ಕಂಡಿರೇನು? ಇಲ್ಲ, ಅದಕ್ಕೇ ಹಿತ್ತಿಲಿಂದ ಬಂದಿರೋ?"

"ಕೋಪದಿಂದ ಹೊಟ್ಟೆ ತುಂಬಲ್ಲ, ಅಕ್ಕ."

"ಇನ್ನಿಬ್ಬರದ್ದು?"

"ಅವರು ಸಾಲಿನಲ್ಲಿ ನಿಲ್ತಾರೆ. ನೀವು ನಮ್ಮವರು ಅಂತ ಕೊಡ್ತಿದ್ದೀನಿ."

'ನಮ್ಮವರು' ಎಂಬ ಮಾತು ಅವಳ ಮುಖಕ್ಕೆ ಉಗುಳಿದಂತೆ ಬಡಿಯಿತು.

ತಮ್ಮ ಯಂತ್ರ ಇಸಿದುಕೊಂಡಿದ್ದ. "ನನ್ನಿಂದ ಆದ ತಪ್ಪು," ಎಂದ. "ಅಕ್ಕ ಹೇಳಿದ್ರೆ ಉಜ್ತೀನಿ. ಅವಳು ಹೇಳ್ದೆ ಮುಟ್ಟಲ್ಲ."

ಹೊರಗೆ ಗಾಡಿಯೊಂದು ನಿಂತ ಸದ್ದಾಯಿತು. ಯಜಮಾನ ಚೀಲದ ಬಾಯಿ ಬಿಚ್ಚಿ ಅವಳ ಮುಂದೆ ಹಿಡಿದ. ನಗು ಹೋಗಿತ್ತು.

"ಹನ್ನೊಂದಾಗ್ತಾ ಬಂತು, ಹೊತ್ತಿಲ್ಲ, ನಿಮ್ಮ ತಮ್ಮನಿಗೆ ಒಂದು ಮಾತು ಹೇಳಿ ಅಕ್ಕ."

ಅಕ್ಕ ಚೀಲದೊಳಗೆ ನೋಡಿದಳು. ಸಾಕಷ್ಟು ಹೊತ್ತೇ ನೋಡಿದಳು. ಆಮೇಲೆ ದೋಣಿಯ ಮೂತಿಗೆ ಬೆನ್ನು ಕೊಟ್ಟು, ಮೂರೂ ಹೆಸರು ಮುಚ್ಚುವ ಹಾಗೆ ಒರಗಿ ನಿಂತಳು.

"ಹೇಳಲ್ಲ."