ನಾಲ್ಕು ಹೊಟ್ಟೆಯ ಕಿಚ್ಚು

ನಾನೊಂದು ಹಸು, ಹೆಸರು ಚುಕ್ಕಿ. ಮನುಷ್ಯರಿಗೆ ಇರುವುದು ಒಂದೇ ಹೊಟ್ಟೆ, ಅದರಲ್ಲೇ ಅಷ್ಟು ಕಿಚ್ಚು. ನನಗೆ ನಾಲ್ಕು. ಹುಟ್ಟಿದ್ದು ಕೋಲಾರದ ಕಡೆಯ ಹಳ್ಳಿಯೊಂದರಲ್ಲಿ, ಚೌಡಮ್ಮನ ಶೀಟಿನ ಕೊಟ್ಟಿಗೆಯಲ್ಲಿ. ಅವಳ ಹಳೆಯ ಸೀರೆಯಲ್ಲೇ ನನ್ನ ಮೈ ಒರೆಸಿದರು.

ನನ್ನ ಬೆನ್ನಿಗೆ ಹುಟ್ಟಿದ ತಂಗಿ ಸಿಂಗಾರಿಯನ್ನು ಕೆರೆಯಾಚೆಯ ದೊಡ್ಡ ಫಾರಂಗೆ ಮಾರಿದರು. ಅವಳಿಗೆ ಫ್ಯಾನು, ರಬ್ಬರ್ ಹಾಸು, ಹಸಿ ಜೋಳದ ಮೇವು. ನನಗೆ ರಾಗಿ ಹುಲ್ಲು. ಅದಕ್ಕೂ ಕೆಂಪಿ, ಗಿಡ್ಡಿ ಎಂಬ ಇಬ್ಬರು ಪಾಲುಗಾರ್ತಿಯರು. ಸಿಂಗಾರಿ ಹೊತ್ತಿಗೆ ಹನ್ನೆರಡು ಲೀಟರ್ ಕೊಡುತ್ತಾಳಂತೆ, ನಾನು ಏಳು. "ಒಂದೇ ತಾಯಿ ಮಕ್ಳು, ಅವಳ್ನ ನೋಡು!" ಎಂದು ಚೌಡಮ್ಮ ಕೆಚ್ಚಲು ತೊಳೆಯುವಾಗಲೆಲ್ಲ ಚುಚ್ಚುತ್ತಿದ್ದಳು. ನಾನು ಬಾಲದಲ್ಲಿ ಉತ್ತರ ಕೊಡುತ್ತಿದ್ದೆ.

ನನಗೆ ಗಂಡು ಕರು ಹುಟ್ಟಿತು, ಹಣೆಯಲ್ಲಿ ಓರೆ ಬಿಳಿ ನಾಮ. ಸಿಂಗಾರಿಗೂ ಅದೇ ವಾರ ಗಂಡು. ಹೋರಿ ಸಾಕುವ ಕೇಂದ್ರದ ಡಾಕ್ಟರಮ್ಮ ಬಂದು ಒಳ್ಳೆಯ ತಾಯಿಯ ಒಂದೇ ಒಂದು ಕರುವನ್ನು ಆರಿಸುತ್ತಾರೆಂದು ಸುದ್ದಿಯಾಯಿತು. ಉಳಿದ ಗಂಡು ಕರುಗಳು ಟೆಂಪೋದವನಿಗೆ. ಟೆಂಪೋ ಹತ್ತಿದ ಕರು ಹಿಂದಿರುಗಿದ್ದನ್ನು ನಾನು ಕಂಡಿಲ್ಲ.

ಆ ದಿನ ಚೌಡಮ್ಮ ಮಗಳಿಗೆ ಗಂಡಿನವರು ಬರುವಂತೆ ಸಡಗರಪಟ್ಟಳು. ನನಗೆ ಅರಿಶಿನ ಕುಂಕುಮ ಇಟ್ಟು, ಕೆಂಪಿ, ಗಿಡ್ಡಿಯರನ್ನು ಹಿತ್ತಲಾಚೆಯ ಹುಣಸೆ ಮರಕ್ಕೆ ಕಟ್ಟಿ ಬಂದಳು. "ನಾಲ್ಕು ಲೀಟರ್ ಕೊಡೋ ಇವು ಮನೆ ಮಾನ ಕಳೀತವೆ." ಗೋದಲೆ ಪೂರ್ತಿ ನನ್ನದಾಯಿತು. ಸುಖವೋ ಸುಖ.

ಡಾಕ್ಟರಮ್ಮ ಹಾಲು ಅಳೆದು ಸುತ್ತ ನೋಡಿದರು. "ಇದೊಂದೇನಾ ಹಸು?"

"ಒಂದೇ ಕಣವ್ವ. ಬಂಗಾರದಂಥದ್ದು."

"ಅಯ್ಯೋ, ಕಷ್ಟ ಆಯ್ತಲ್ಲಮ್ಮ. ಇದೇ ಹುಲ್ಲು ತಿಂದ ಜೊತೆ ಹಸು ಇಲ್ದೆ, ಇದರ ಗುಣ ಎಷ್ಟು, ಮೇವಿನ ಗುಣ ಎಷ್ಟು ಅಂತ ಹೆಂಗೆ ಹೇಳ್ಲಿ?"

ಅವರು ಚಪ್ಪಲಿ ಮೆಟ್ಟಿದರು. ಚೌಡಮ್ಮ ಆಡಿದ ಸುಳ್ಳು ಬಿಟ್ಟುಕೊಡದೆ ಹಿತ್ತಲ ಬಾಗಿಲಿಗೆ ಅಡ್ಡ ನಿಂತಳು. ನಾನು ಕೆಂಪಿಯನ್ನು ಜನ್ಮದಲ್ಲಿ ಕರೆದವಳಲ್ಲ. ಕರುವಿನ ಮುಖ ನೋಡಿದೆ, ಕತ್ತೆತ್ತಿ ಅಂಬಾ ಎಂದೆ. ಹುಣಸೆ ಮರದಿಂದ ಎರಡು ಗಂಟಲು ಓಗೊಟ್ಟವು.

ಡಾಕ್ಟರಮ್ಮ ನಕ್ಕುಬಿಟ್ಟರು. ಕೆಂಪಿ, ಗಿಡ್ಡಿಯರ ಹಾಲೂ ಅಳೆದು, ಊರಿನ ಮತ್ತು ಫಾರಂನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ ಹೇಳಿದರು: "ಫಾರಂನಲ್ಲಿ ಮೇವು ಹೊಟ್ಟೆತುಂಬ. ಅಲ್ಲಿ ಹಸುವಿಂದ ಹಸುವಿಗೆ ನಾಲ್ಕೈದು ಲೀಟರ್ ಹೆಚ್ಚುಕಮ್ಮಿ ಇದ್ದೇ ಇರುತ್ತೆ. ನಿಮ್ಮೂರ ಕೊಟ್ಟಿಗೆಗಳಲ್ಲಿ ಇದೊಂದು ಬಿಟ್ಟು ಎಲ್ಲ ಹಸೂನೂ ನಾಲ್ಕರ ಹತ್ರಾನೇ ನಿಂತಿದಾವೆ. ಅಂಥ ಕಡೆ ಇದು ಮಿಕ್ಕವಕ್ಕಿಂತ ಮೂರು ಲೀಟರ್ ಮೇಲೆ ಹೋಗೋದು, ಅಲ್ಲಿ ಸಿಂಗಾರಿ ಐದು ಮೇಲೆ ಹೋಗೋದಕ್ಕಿಂತ ದೊಡ್ಡದು. ಈ ಕರು ನಮಗಿರಲಿ."

ಗೆದ್ದೆನೆಂದು ಬೀಗಿದೆ. ಆದರೆ ಜೀಪು ನನ್ನ ಕರುವನ್ನೂ ಹೊತ್ತುಕೊಂಡೇ ಹೋಯಿತು. ಮರುದಿನ ಕೆರೆಯಾಚೆ ಟೆಂಪೋ ಸದ್ದು, ಹಿಂದೆಯೇ ಸಿಂಗಾರಿಯ ಕೂಗು. ಆ ಒಂದು ದಿನ ಅವಳ ಮೇಲೆ ಹೊಟ್ಟೆ ಉರಿಯಲಿಲ್ಲ.

ಈಗ ನನ್ನ ಹಲ್ಲು ಸವೆದಿವೆ. ಚೌಡಮ್ಮ ಆ ಹೋರಿ ಕೇಂದ್ರದ ಬೀಜಕ್ಕೆ ಹುಟ್ಟಿದ ಹೊಸ ಕಡಸೊಂದನ್ನು ತಂದು ನನ್ನ ಪಕ್ಕದಲ್ಲೇ ಕಟ್ಟಿದ್ದಳು. ಅದು ಕರು ಹಾಕಿ, ಅದೇ ರಾಗಿ ಹುಲ್ಲು ತಿಂದು ಒಂಬತ್ತು ಲೀಟರ್ ಕೊಡುತ್ತಿದೆ. ಚೌಡಮ್ಮ ಮೊದಲು ಸವರುವುದು ಅದರ ಬೆನ್ನನ್ನು, ಆಮೇಲೆ ನನ್ನದು. ನಾಲ್ಕು ಹೊಟ್ಟೆಯೂ ಧಗಧಗ ಉರಿಯುತ್ತವೆ. ಅದು ನನ್ನ ಪಾಲಿನ ಮೇವಿಗೂ ಬಾಯಿ ಹಾಕುತ್ತದೆ. ಹಾಯಲೆಂದು ಕೊಂಬು ತಗ್ಗಿಸಿದಾಗ ಎದುರಿಗೆ ಅದರ ಹಣೆ, ಹಣೆಯಲ್ಲಿ ಓರೆ ಬಿಳಿ ನಾಮ.

ಗೋದಲೆಯಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ.