ಮೈನಸ್ ಎಂಬತ್ತೆಂಟು

ಸೊಸೆ ಸನ್ನೆ ಭಾಷೆಯ ದುಭಾಷಿ. ಕಿವಿ ಕೇಳದವರು ಆಸ್ಪತ್ರೆಗೆ ಹೋದಾಗ, ವೈದ್ಯರ ಮಾತನ್ನು ಅವಳು ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕೂತು ವಿಡಿಯೋ ಕರೆಯಲ್ಲಿ ಕೈಯಲ್ಲಿ ಹೇಳುತ್ತಿದ್ದಳು. ಅವಳ ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದೂರದೂರಿನ ಕರೆಗಳನ್ನು ಕೈಯಿಂದಲೇ ಜೋಡಿಸಿಕೊಡುತ್ತಿದ್ದವರು. ನಿವೃತ್ತಿಯಾಗಿ ಎಷ್ಟು ಕಾಲವಾದರೂ ನೆಂಟರ ಬಾಯಲ್ಲಿ ಇನ್ನೂ ‘ಟ್ರಂಕ್‌ಕಾಲ್ ಅತ್ತೆ’.

ಹೊಸ ಬಾಡಿಗೆ ಮನೆಗೆ ಬಂದ ಮೊದಲ ಮಂಗಳವಾರವೇ ಎಡವಟ್ಟಾಯಿತು. ಪರದೆಯ ಮೇಲೆ ಬೇಕರಿ ಕೆಲಸದ ಗರ್ಭಿಣಿಯೊಬ್ಬಳು ಕಣ್ಣು ಕಿರಿದು ಮಾಡಿ, ‘ನಿನ್ನ ಕೈ ನಿಂತುಹೋಯಿತು’ ಎಂದು ಸನ್ನೆ ಮಾಡಿದಳು. ಮೂರು ಸಲ ಹೀಗೇ ಆಯಿತು. ಕೊನೆಗೆ ವೈದ್ಯರು ಸ್ಕ್ಯಾನಿಂಗ್ ವಿವರ ಹೇಳುವುದನ್ನು ಗುರುವಾರಕ್ಕೆ ಮುಂದೂಡಿದರು.

“ಏನಾಯ್ತೇ?” ಎಂದು ಅತ್ತೆ ಬಾಗಿಲಲ್ಲಿ ಇಣುಕಿದರು.

“ನೆಟ್ ಕೈಕೊಡ್ತು ಅತ್ತೆ. ಸಿಗ್ನಲ್ ಗೆರೆ ನೋಡಿದ್ರೆ ಪೂರ್ತಿ ಇದೆ! ಅವರು ನನಗೆ ಚೆನ್ನಾಗೇ ಕಾಣ್ತಾರೆ, ನಾನೇ ಅವರಿಗೆ ಕಾಣಲ್ಲ.”

“ಆ ಗೆರೆ ಎಲ್ಲಿಂದ ಎಲ್ಲಿವರೆಗಿನದ್ದು?”

ಸೊಸೆ ಪರದೆಯ ಮೂಲೆಯ ಗೆರೆಗಳನ್ನು ಮತ್ತೆ ನೋಡಿದಳು. ಇಷ್ಟು ವರ್ಷ ಆ ಪ್ರಶ್ನೆ ಅವಳಿಗೆ ಹೊಳೆದೇ ಇರಲಿಲ್ಲ.

ಮೇಜಿನ ಮೇಲಿದ್ದ ಸೋಪಿನ ಡಬ್ಬಿಯಷ್ಟು ಗಾತ್ರದ ಮೋಡೆಮನ್ನೂ ಅದರ ಜೊತೆ ಬಂದಿದ್ದ ಪುಸ್ತಿಕೆಯನ್ನೂ ಅತ್ತೆ ತಮ್ಮ ಮಂಚಕ್ಕೆ ಒಯ್ದರು. ಮಧ್ಯಾಹ್ನದ ನಿದ್ದೆಗೂ ಚಕ್ಕರ್ ಹೊಡೆದು ಓದಿ, ಎದ್ದು ಬಂದರು.

“ಇದರಲ್ಲಿ ಎರಡು ಹಾದಿ ಇದೆ ಕಣೆ. ಲ್ಯಾಪ್‌ಟಾಪಿಂದ ಈ ಡಬ್ಬಿವರೆಗೆ ವೈಫೈ. ಡಬ್ಬಿಯಿಂದ ಟವರ್‌ವರೆಗೆ ಮೊಬೈಲ್ ಡೇಟಾ, ಅದಕ್ಕೇ ಒಳಗೆ ಸಿಮ್ ಇಟ್ಟಿರೋದು. ನೀನು ನೋಡ್ತಿದ್ದ ಗೆರೆ ಬರೀ ಮೊದಲನೇ ಹಾದಿದು. ಡಬ್ಬಿ ನಿನ್ನ ಮಗ್ಗುಲಲ್ಲೇ ಕೂತಿದ್ರೆ ಗೆರೆಗೇನು ಬಡತನ!”

“ಮತ್ತೆ ಅವರು ಮಾತ್ರ ನನಗೆ ಕಾಣ್ತಾರಲ್ಲ?”

“ಅವರ ಚಿತ್ರ ಬರೋದು ಡೌನ್‌ಲೋಡ್, ನಿನ್ನ ಕೈ ಹೋಗೋದು ಅಪ್‌ಲೋಡ್. ಟವರ್ ದೊಡ್ಡ ಗಂಟಲಲ್ಲಿ ಕೂಗುತ್ತೆ, ನಮಗೆ ಕೇಳಿಸುತ್ತೆ. ಈ ಪುಟಾಣಿ ವಾಪಸ್ ಕೂಗಿದ್ದು ಅಲ್ಲಿಗೆ ಮುಟ್ಟಬೇಕಲ್ಲ?”

ಬುಧವಾರ ಇಬ್ಬರೂ ಸೆರಗು ಕಟ್ಟಿ ನಿಂತರು. ಮೋಡೆಮ್ಮಿನ ಸೆಟ್ಟಿಂಗ್ಸ್ ಪುಟದಲ್ಲಿ ಟವರಿನ ಸಿಗ್ನಲ್ ಎಷ್ಟೆಂದು ಒಂದು ಅಂಕಿ ತೋರಿಸುತ್ತಿತ್ತು.

“ನೂರ ಹದಿಮೂರು! ಭರ್ಜರಿಯಾಗಿದೆ,” ಎಂದಳು ಸೊಸೆ.

“ಅದರ ಮೊದಲು ಮೈನಸ್ ಇದೆ, ಕಣ್ಣು ಬಿಟ್ಟು ನೋಡು. ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೇದು.”

ಮೇಜಿನ ಹಿಂದೆಯೇ ಗೋಡೆಯುದ್ದ ಕಬ್ಬಿಣದ ಬೀರು ನಿಂತಿತ್ತು. ಟವರಿಗೂ ಡಬ್ಬಿಗೂ ನಡುವೆ ಅದೇ ಅಡ್ಡ. ಉದ್ದನೆಯ ವೈರು ಎಳೆದುಕೊಂಡು ಅತ್ತೆ ಮೋಡೆಮ್ ಹಿಡಿದು ಮುಂದೆ, ಲ್ಯಾಪ್‌ಟಾಪ್ ಹಿಡಿದ ಸೊಸೆ ಹಿಂದೆ. ಒಲೆಯ ಪಕ್ಕ ಮೈನಸ್ ನೂರ ಒಂಬತ್ತು. ಬಾಲ್ಕನಿ ಬಾಗಿಲಲ್ಲಿ ನೂರ ನಾಲ್ಕು. ಪ್ರತಿ ಜಾಗಕ್ಕೂ ಅತ್ತೆ ಅಂಕಿ ಬರೆದ ಒಂದೊಂದು ಚೀಟಿ ಅಂಟಿಸಿದರು. ಬಟ್ಟೆ ಒಗೆಯುವ ಮೆಷಿನ್ನಿನ ಮೇಲ್ಗಡೆ, ಕಿಟಕಿಗೆ ಹೊಂದಿಕೊಂಡ ಹಲಗೆಯ ಮೇಲಿಟ್ಟಾಗ ಸೊಸೆ ಚೀರಿದಳು, “ಎಂಬತ್ತೆಂಟು! ಅತ್ತೆ, ಅಲ್ಲಾಡಬೇಡಿ!”

ಕೆಲಸದಿಂದ ಬಂದ ಮಗ ಚೀಟಿಗಳನ್ನು ನೋಡಿ ಬೆಪ್ಪಾದ. “ಏನಮ್ಮಾ, ಮನೆ ಹರಾಜಿಗಿಟ್ಟಿದ್ದೀರಾ? ಬಾಡಿಗೆ ಮನೆ ಇದು!”

ಆದರೆ ಮೋಡೆಮ್ ದೂರ ಹೋದದ್ದರಿಂದ ಲ್ಯಾಪ್‌ಟಾಪಿನಲ್ಲಿ ವೈಫೈ ಗೆರೆ ಎರಡಕ್ಕೆ ಇಳಿದಿತ್ತು. ಸೊಸೆಯ ಮುಖ ಸಪ್ಪಗಾಯಿತು. “ಇಳಿದ್ರೆ ಇಳೀಲಿ, ಮನೆಯೊಳಗಿನ ಹಾದಿಗೆ ಎರಡು ಸಾಕು. ಕರೆ ಮಾಡಿ ನೋಡು,” ಎಂದರು ಅತ್ತೆ. ಮಗ ತನ್ನ ಫೋನ್ ಹಿಡಿದು ಬೀದಿಗಿಳಿದ. ಸೊಸೆ ಅವನಿಗೆ ವಿಡಿಯೋ ಕರೆ ಮಾಡಿ, ಪರದೆಯ ಮುಂದೆ ಬೆರಳು ಮಡಿಸಿ ಬಿಡಿಸಿದಳು. “ಮೂರು, ಏಳು, ಹತ್ತು,” ಅವನು ತಡೆಯಿಲ್ಲದೆ ಎಣಿಸಿದ.

ಗುರುವಾರದ ಕರೆ ಇಪ್ಪತ್ತೆರಡು ನಿಮಿಷ ನಡೆಯಿತು. ಅತ್ತೆ ಬಾಗಿಲಾಚೆಯೇ ಕೂತಿದ್ದರು. ಸೊಸೆ ಹೊರಬಂದಾಗ ಅವಳ ಕಣ್ಣು ತೇವವಾಗಿತ್ತು, ಮುಖದಲ್ಲಿ ನಗುವಿತ್ತು. ವೈದ್ಯರು ಏನೆಂದರೆಂದು ಅವಳ ಕೆಲಸದಲ್ಲಿ ಹೊರಗೆ ಹೇಳುವಂತಿರಲಿಲ್ಲ. ಅತ್ತೆ ಕೇಳಲೂ ಇಲ್ಲ.

“ಕೈ ಮುಟ್ಟಿತಾ?”

“ಒಂದೊಂದು ಬೆರಳೂ ಮುಟ್ಟಿತು ಅತ್ತೆ.”

ಸಂಜೆ ಅತ್ತೆ ಚಪ್ಪಲಿ ಮೆಟ್ಟಿದರು. “ಆ ಟವರ್ ನೋಡ್ಕೊಂಡು ಬರೋಣ ನಡಿ.” ಕಿಟಕಿಯ ದಿಕ್ಕು ಹಿಡಿದು ನಾಲ್ಕು ಬೀದಿ ದಾಟಿದಾಗ, ಒಂದು ಉಗ್ರಾಣದ ಮಾಳಿಗೆಯ ಮೇಲೆ ಅದು ಸಿಕ್ಕಿತು. ಆಗಷ್ಟೇ ಕೆಳಗಿಳಿದ ಮೆಕ್ಯಾನಿಕ್ ಸೊಂಟದ ಬೆಲ್ಟು ಬಿಚ್ಚುತ್ತಿದ್ದ.

“ಇದನ್ನ ಸೆಲ್ ಟವರ್ ಅಂತ ಯಾಕಪ್ಪ ಕರೀತಾರೆ?” ಎಂದು ಅತ್ತೆ ಅವನನ್ನು ಕೇಳಿದರು.

“ಊರನ್ನ ಜೇನುಗೂಡಿನ ಕೋಣೆಗಳ ಥರ ಹಂಚ್ಕೊಂಡಿರ್ತೀವಿ ಅಮ್ಮ. ಒಂದೊಂದು ಕೋಣೆ ಒಂದೊಂದು ಸೆಲ್.”

“ನಡೀತಾ ಮಾತಾಡೋರನ್ನ ಈ ಕೋಣೆಯಿಂದ ಆ ಕೋಣೆಗೆ ದಾಟಿಸೋರು ಯಾರು?”

“ಯಾರೂ ಇಲ್ಲ. ಅದೇ ದಾಟ್ಕೊಳ್ಳುತ್ತೆ.”

ಅತ್ತೆಗೆ ನಂಬಿಕೆ ಬರಲಿಲ್ಲ. ಅಲ್ಲೇ ನಿಂತು ಸೊಸೆಗೆ ಫೋನ್ ಮಾಡಿ, ಅವಳನ್ನು ಇಪ್ಪತ್ತು ಹೆಜ್ಜೆ ಮುಂದೆ ಕಳಿಸಿದರು. ಇಬ್ಬರೂ ಫೋನನ್ನು ಕಿವಿಗೊತ್ತಿಕೊಂಡು ಒಂದೇ ಬೀದಿಯಲ್ಲಿ ಒಬ್ಬರ ಹಿಂದೊಬ್ಬರು ನಡೆದರು.

“ದಾಟಿತೇನೇ? ಏನಾದ್ರೂ ಟಕ್ ಅಂತಾ?”

“ಇಲ್ಲ ಅತ್ತೆ.”

“ಫೋನ್ ಇಡಬೇಡ, ಇನ್ನೊಂದು ಬೀದಿ ಹೋಗೋಣ.”