ಹೆಪ್ಪುಗಟ್ಟದ ಹಾಲು

ರೊಡೋಪಿ ಬೆಟ್ಟದ ಆ ಊರಿನಲ್ಲಿ ಐದು ಮನೆಯ ಕುರಿಹಾಲೂ ಮುದುಕಿ ಕಲಿನಾಳ ಒಂದೇ ಹಂಡೆಗೆ ಬೀಳುತ್ತಿತ್ತು. ಹಾಲಿನ ಬಿಸಿಯನ್ನು ಕಿರುಬೆರಳಲ್ಲಿ ನೋಡಿ, ಅತ್ತೆಯ ಕಾಲದಿಂದ ಉಳಿಸಿಕೊಂಡು ಬಂದ ಹೆಪ್ಪು ಹಾಕಿ ಅವಳು ಕಂಬಳಿ ಹೊದಿಸಿದರೆ, ಬೆಳಿಗ್ಗೆ ಚಾಕುವಿನಲ್ಲಿ ಕೊಯ್ಯುವಂಥ ಮೊಸರು. ಈಗ ಮೂರು ದಿನದಿಂದ ಹಾಲು ಹಾಲಾಗಿಯೇ ಉಳಿದಿತ್ತು.

ಮೊದಲು ಕೂಗಾಡಿದವನು ಆ ಐದು ಮನೆಗಳಲ್ಲೊಂದರ ವೆಲ್ಕೋ. ಅದೂ ಎಲ್ಲರ ಮುಂದೆ.

"ಅಜ್ಜೀ, ನಿನ್ನ ಕೈಗೆ ವಯಸ್ಸಾಯ್ತು! ಹಂಡೇಲಿ ಸೋಪು ಉಳಿಸಿರ್ತೀಯ. ಇನ್ಮೇಲೆ ಬೇರೆಯವ್ರು ನೋಡ್ಕೊಳ್ಲಿ."

ಕಲಿನಾ ತನ್ನ ಕಿರುಬೆರಳು ನೋಡಿಕೊಂಡಳು.

ಮರುದಿನ ದನದ ಡಾಕ್ಟರ್ ಮ್ಲಾದೆನ್ ಬಂದು ಹಾಲು ಮೂಸಿದ. "ಯಾರಾದ್ರೂ ಕುರಿಗೆ ಇಂಜೆಕ್ಷನ್ ಚುಚ್ಚಿದ್ರಾ?"

ನಾಲ್ಕು ಮನೆಯವರು ಇಲ್ಲವೆಂದು ತಲೆಯಾಡಿಸಿದರು. ವೆಲ್ಕೋ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ. ಗೊರಸು ಕೊಳೆತ ಆರು ಕುರಿಗಳಿಗೆ ಟೆಟ್ರಾಸೈಕ್ಲಿನ್ ಚುಚ್ಚಿದವನು ಅವನೇ. ಕಾಲಿನ ಔಷಧಿ ಕೆಚ್ಚಲಿಗೇಕೆ ಬರುತ್ತದೆಂದು ಅವುಗಳ ಹಾಲನ್ನೂ ಹಂಡೆಗೆ ಸುರಿದಿದ್ದ.

"ಔಷಧಿ ಬಿದ್ರೆ ಹೆಪ್ಪು ಸಾಯುತ್ತಾ?" ಎಂದ, ಇನ್ಯಾರದೋ ವಿಷಯವೆಂಬಂತೆ.

"ಸಾಯೋದಲ್ಲ, ಕೈಕಟ್ಟಿ ಕೂತ್ಬಿಡುತ್ತೆ. ಹೆಪ್ಪಿನ ಒಂದೊಂದು ಜೀವಾಣು ಒಳಗೂ ಸಣ್ಣ ಕಾರ್ಖಾನೆಗಳಿರ್ತವೆ, ರೈಬೋಸೋಮ್ ಅಂತ. ಮಣಿ ಪೋಣಿಸಿದ ಹಾಗೆ ಪ್ರೋಟೀನ್ ಪೋಣಿಸ್ತವೆ. ಮುಂದಿನ ಮಣಿ ಕೂರೋ ಜಾಗದಲ್ಲಿ ಈ ಔಷಧಿ ಹೋಗಿ ಕೂರುತ್ತೆ. ಸರ ಅಲ್ಲಿಗೇ ನಿಂತ್ಹೋಯ್ತು. ಪ್ರೋಟೀನಿಲ್ದೆ ಜೀವಾಣು ಬೆಳೆಯಲ್ಲ, ಹಾಲು ಹುಳಿಯಾಗಲ್ಲ."

ಎಲ್ಲರ ಮುಖವನ್ನೂ ಒಮ್ಮೆ ನೋಡಿ ಡಾಕ್ಟರು ಚೀಲ ಎತ್ತಿಕೊಂಡ. "ಯಾರೂ ಚುಚ್ಚಿಲ್ಲ ಅಂದ್ರೆ ಹೆಪ್ಪೇ ಕೆಟ್ಟಿದೆ ಬಿಡಿ."

ವೆಲ್ಕೋ ಡಾಕ್ಟರಿಗೆ ದಾರಿ ಬಿಟ್ಟು ಸರಿದು ನಿಂತ. ಮರುದಿನ ಬೆಳಿಗ್ಗೆ ಎದ್ದವನೇ ಕಲಿನಾಳ ಬಾಗಿಲಲ್ಲಿ ಟೋಪಿ ತೆಗೆದು ನಿಂತ.

"ಅಜ್ಜೀ, ನಾನೇ ಚುಚ್ಚಿದ್ದು. ಆರು ಕುರಿಗೆ. ನಿನ್ನ ಕೈದೇನೂ ತಪ್ಪಿಲ್ಲ. ಎಲ್ಲರ ಮುಂದೂ ಹೇಳ್ತೀನಿ."

ಅವಳು ಅಂಗಳದ ಕಡೆ ಕೈ ತೋರಿಸಿದಳು. ಕೋಳಿಗಳು ಒಂದು ಮಣ್ಣಿನ ಬಟ್ಟಲನ್ನು ಕುಕ್ಕುತ್ತಿದ್ದವು.

"ಹಾಲು ಕೆಡೋಕೆ ಮೊದಲಿನ ಹೆಪ್ಪು ಒಂದು ಬಟ್ಟಲು ಎತ್ತಿಟ್ಟಿದ್ದೆ ಕಣೋ. ಡಾಕ್ಟರ್ ಮಾತು ಕೇಳಿ ಅದೂ ಕೆಟ್ಟಿದೆ ಅಂದ್ಕೊಂಡು ಈಗಷ್ಟೇ ಕೋಳಿಗೆ ಇಟ್ಟೆ. ನಿನ್ನೆ ಹೇಳಿದ್ರೆ ಉಳೀತಿತ್ತು."

ವೆಲ್ಕೋ ಕೋಳಿಗಳನ್ನು ಓಡಿಸಿ ಬಟ್ಟಲೆತ್ತಿಕೊಂಡ. ಅಂಚಿನಲ್ಲಿ ಉಗುರಿನಷ್ಟು ಹೆಪ್ಪು ಅಂಟಿತ್ತು. ಕೆರೆಯತೊಡಗಿದ.

"ಬಿಡೋ, ಕೋಳಿ ಎಂಜಲು," ಎಂದಳು ಕಲಿನಾ.

ಅವನು ಬಿಡಲಿಲ್ಲ.